ಅಪ್‌ಡೇಟ್: ಸಿವಿಲ್‌ಗೇ ಸೇರಿಕೊಂಡೆ

ಎಂಜಿನಿಯರಿಂಗ್ ಸೀಟಿಗಾಗಿ ಸಿಇಟಿ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕೋರ್ಸ್‌ಗಳನ್ನು ಇಷ್ಟದ ಕ್ರಮದಲ್ಲಿ ತುಂಬುವಾಗ, ಕಂಪ್ಯೂಟರ್ ಸೈನ್ಸ್ ಮೇಲಿಡಲಾ, ಸಿವಿಲ್ ಮೇಲಿಡಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಓದಿದ್ದು ತಲೆಯಲ್ಲಿ ನಿಲ್ಲಲ್ಲ ಅಂತಲೂ ಗೋಳಾಡಿದ್ದೆ. ಮೊದಲ ಸುತ್ತಿನಲ್ಲೇ ಸಿವಿಲ್ ಸಿಕ್ಕಿತು. ಚಾಯ್ಸ್ 1 (ಸಿಕ್ಕ ಸೀಟೇ ಸಾಕು ಅನ್ನುವ ಆಯ್ಕೆ) ಕೊಟ್ಟು, ಫೀಸು ಕಟ್ಟಿ ಸೇರಿಬಿಟ್ಟೆ. ಅಪ್ಪನಿಗೆ ಇನ್ನೂ ಸ್ವಲ್ಪ ಮುನಿಸು, ಇರಲಿ.

ಬೆಳಗಿನ ಜಾವ ಎದ್ದು ಓದುವುದು ನನಗೆ ಒಗ್ಗಲಿಲ್ಲ. ನೀವು ಹೇಳಿದ ಹಾಗೆ ಪುಸ್ತಕ ಮುಚ್ಚಿಟ್ಟು ಬರೆಯುವುದು ಮಾತ್ರ ಕೈ ಹಿಡಿಯಿತು. ಮೆಕ್ಯಾನಿಕ್ಸ್‌ನಲ್ಲಿ ಮೊದಲು ಫ್ರೀ ಬಾಡಿ ಡಯಾಗ್ರಾಮ್, ಅಂದರೆ ವಸ್ತುವಿನ ಮೇಲಿರುವ ಬಲಗಳನ್ನೆಲ್ಲ ಬಾಣಗಳಲ್ಲಿ ತೋರಿಸುವ ಚಿತ್ರ, ಬಿಡಿಸುತ್ತೇನೆ. ಆಸರೆ ಕೊಡುವ ಬಲದ ಒಂದು ಬಾಣ ಬಿಟ್ಟುಹೋದರೂ ಲೆಕ್ಕ ಕೆಟ್ಟಿತು ಅಂತಲೇ. ನಮ್ಮ ವಿಶ್ವವಿದ್ಯಾಲಯ ವಿಟಿಯು ಪೇಪರ್‌ನಲ್ಲಿ 5 ಮಾಡ್ಯೂಲ್ (ಪಾಠದ ಭಾಗ), ಒಂದೊಂದರಿಂದಲೂ ಒಂದು ಪೂರ್ತಿ ಪ್ರಶ್ನೆ ಬರೆಯಬೇಕು. ಹಾಗಾಗಿ ಬೇಜಾರಿನ ಮಾಡ್ಯೂಲನ್ನೂ ಬಿಡುವ ಹಾಗಿಲ್ಲ, ಅಲ್ವಾ! ಗಣಿತ ಇನ್ನೂ ಕಾಡುತ್ತಿದೆ. ಅದನ್ನು ಬೇರೆಯಾಗಿ ಕೇಳುತ್ತೇನೆ.