47 ಮೀಟರ್ಸ್ ಡೌನ್ ಎರಡನೇ ಭಾಗ ಯಾಕೆ ಹೆದರಿಸಲಿಲ್ಲ? (ಎರಡೂ ಸಿನಿಮಾದ ಸ್ಪಾಯ್ಲರ್ ಇದೆ)

ತುಕ್ಕುಪಂಜರ ಕೇಳಿದ್ದು:

ಮೊದಲ ಭಾಗದಲ್ಲಿ (2017) ಇದ್ದದ್ದು ಇಷ್ಟೇ: ಲಿಸಾ, ಕೇಟ್ ಅನ್ನೋ ಅಕ್ಕತಂಗಿ ಇಬ್ಬರು, ಶಾರ್ಕ್ ನೋಡೋಕೆ ಅಂತ ಸಮುದ್ರಕ್ಕೆ ಇಳಿಸೋ ತುಕ್ಕು ಹಿಡಿದ ಪಂಜರ, ಅದನ್ನು ಎಳೆಯೋ ಮುರಿದುಬಿದ್ದ ವಿಂಚ್, 47 ಮೀಟರ್ ಆಳ. ಅಷ್ಟನ್ನೇ ಇಟ್ಟುಕೊಂಡು ಒಂದೂವರೆ ಗಂಟೆ ಉಸಿರು ಬಿಗಿಹಿಡಿಸಿದ್ರು. 2019ರ ಅನ್‌ಕೇಜ್ಡ್‌ನಲ್ಲಿ ನಾಲ್ಕು ಹುಡುಗಿಯರು, ಗುಹೆಯೊಳಗೆ ನೀರಿನಡಿ ಮುಳುಗಿದ ಮಾಯಾ ನಾಗರಿಕತೆಯ ನಗರ, ಕುಸಿಯೋ ಕಂಬಗಳು, ಕುರುಡು ಶಾರ್ಕ್‌ಗಳು, ಅದು ಸಾಲದು ಅಂತ ಕೊನೆಗೆ ಸಮುದ್ರದಲ್ಲಿ ಬೇರೆ ಶಾರ್ಕ್‌ಗಳು. ಇಷ್ಟೆಲ್ಲ ಸುರಿದೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ನಿರ್ದೇಶಕರು ಬದಲಾದರು ಅನ್ನೋ ಸಬೂಬೂ ಇಲ್ಲಿ ನಡೆಯಲ್ಲ, ಎರಡಕ್ಕೂ ಜೊಹಾನೆಸ್ ರಾಬರ್ಟ್ಸ್ ಅವರೇ. "ಬೋರ್", "ಲಾಜಿಕ್ ಇಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಯಾವ ಸೀನ್, ಯಾವ ತಪ್ಪು, ಅದರಿಂದ ಭಯ ಎಲ್ಲಿ ಸೋರಿಹೋಯ್ತು ಅನ್ನೋದು ಬೇಕು. ಡೈವಿಂಗ್, ಶಾರ್ಕ್, ಎಡಿಟಿಂಗ್ ಗೊತ್ತಿರೋರು ದಯವಿಟ್ಟು ಬರೀರಿ.

---

ಇನ್ನೂರುಬಾರ್ ಉತ್ತರ:

ಉತ್ತರ ಮೊದಲನೇ ಸಿನಿಮಾದ ಹೆಸರಲ್ಲೇ ಇದೆ. 47 ಅನ್ನೋದು ಬರೀ ಶೀರ್ಷಿಕೆ ಅಲ್ಲ, ಕಥೆ ನಡೆಯೋದೇ ಆ ಲೆಕ್ಕದ ಮೇಲೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ಬಾರ್ ಒತ್ತಡ ಹೆಚ್ಚುತ್ತೆ. 47 ಮೀಟರ್‌ನಲ್ಲಿ ಮೇಲಿನ ಗಾಳಿಯ ಒಂದು ಬಾರ್ ಸೇರಿ ಒಟ್ಟು 5.7 ಬಾರ್. ಸಾಮಾನ್ಯ ಸಿಲಿಂಡರ್ ಅಂದರೆ 11 ಲೀಟರ್, 200 ಬಾರ್ ತುಂಬಿಸಿದರೆ 2,200 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯೋರು ಆ ಆಳದಲ್ಲಿ ಅದರ 5.7 ಪಟ್ಟು, 114 ಲೀಟರ್ ಖರ್ಚು ಮಾಡ್ತಾರೆ, ಅಂದರೆ 19 ನಿಮಿಷಕ್ಕೆ ಸಿಲಿಂಡರ್ ಖಾಲಿ. ಗಾಬರಿಯಾಗಿ ಉಸಿರು ದುಪ್ಪಟ್ಟಾದರೆ ಹತ್ತು ನಿಮಿಷಾನೂ ಇಲ್ಲ. ಹವ್ಯಾಸಿ ಡೈವಿಂಗಿನ ಗಡಿ 40 ಮೀಟರ್. ಇವರು ಅದನ್ನೂ ದಾಟಿ ಕೂತಿದ್ದಾರೆ. ಹಾಗಂತ ಬಾಗಿಲು ತೆಗೆದು ಮೇಲಕ್ಕೆ ಹಾರೋಕೂ ಆಗಲ್ಲ. ನಿಮಿಷಕ್ಕೆ 9 ಮೀಟರ್‌ಗಿಂತ ಬೇಗ ಏರಿದರೆ ರಕ್ತದಲ್ಲಿ ಕರಗಿರೋ ಸಾರಜನಕ ಗುಳ್ಳೆಯಾಗಿ ಬರೋ ಅಪಾಯ. ಕೂತರೆ ಗಾಳಿ ಮುಗಿಯುತ್ತೆ, ಓಡಿದರೆ ಮೈ ಕೆಡುತ್ತೆ. ಶಾರ್ಕ್ ಇಲ್ಲದಿದ್ದರೂ ಇದು ಹಾರರ್ ಸಿನಿಮಾನೇ.

ಇನ್ನೊಂದು ಗಮನಿಸಿ. ತಳದಲ್ಲಿ ಮೇಲಿನ ದೋಣಿಯ ಜೊತೆ ಮಾತು ಸಿಗಲ್ಲ. ಕೇಟ್ ಪಂಜರ ಬಿಟ್ಟು ಸುಮಾರು ಏಳು ಮೀಟರ್ ಮೇಲೇರಿ, 40ರ ಹತ್ತಿರ ಹೋದಾಗ ಮಾತ್ರ ಕ್ಯಾಪ್ಟನ್ ಧ್ವನಿ ಕೇಳುತ್ತೆ. ಏಳೇ ಮೀಟರ್! ಒಂದು ಕೋಣೆಯ ಉದ್ದ. ಆ ಸಿನಿಮಾದ ಅತ್ಯುತ್ತಮ ಸೀನ್ ಹುಟ್ಟಿದ್ದು ಅಲ್ಲಿ, ಯಾಕೆಂದರೆ ಎಷ್ಟು ದೂರ ಹೋಗಬೇಕು ಅನ್ನೋದು ನಮಗೂ ಗೊತ್ತು.

ಈಗ ಅನ್‌ಕೇಜ್ಡ್‌ಗೆ ಬನ್ನಿ. ಹುಡುಗಿಯರು ಎಷ್ಟು ಆಳದಲ್ಲಿದ್ದಾರೆ? ಹೊರದಾರಿ ಎಷ್ಟು ದೂರ? ಗಾಳಿ ಕಡಿಮೆ ಇದೆ ಅಂತ ಆಗಾಗ ಹೇಳ್ತಾರೆ, ಆದರೆ 10 ಮೀಟರ್ ಆಳದಲ್ಲಿ ಅದೇ ಸಿಲಿಂಡರ್ 55 ನಿಮಿಷ ಬರುತ್ತೆ, 47ರಲ್ಲಿ 19 ನಿಮಿಷ. ಆಳ ಮನಸ್ಸಲ್ಲಿ ಕೂರದೆ ಇದ್ದರೆ "ಗಾಳಿ ಕಡಿಮೆ" ಅನ್ನೋ ಮಾತಿಗೆ ತೂಕವೇ ಇಲ್ಲ. ಹೆಸರಲ್ಲಿ 47 ಇದೆ, ಕಥೆಯಲ್ಲಿ ಅದಕ್ಕೆ ಕೆಲಸ ಇಲ್ಲ.

ಬೇಸರ ಏನಂದರೆ ಗುಹೆ ಡೈವಿಂಗಿನಲ್ಲಿ ಇಂಥ ಲೆಕ್ಕ ಬೇಕಾದಷ್ಟಿದೆ. ಗಾಳಿಯಲ್ಲಿ ಮೂರನೇ ಒಂದು ಪಾಲು ಒಳಗೆ ಹೋಗೋಕೆ, ಒಂದು ಪಾಲು ವಾಪಸ್ ಬರೋಕೆ, ಉಳಿದದ್ದು ಮುಟ್ಟಬಾರದ ಮೀಸಲು. 200 ಬಾರ್‌ನಲ್ಲಿ ಶುರು ಮಾಡಿದರೆ ಮಾಪಕ 133 ತೋರಿಸಿದ ಕೂಡಲೇ ತಿರುಗಬೇಕು. ಬಾಗಿಲಿನಿಂದ ಒಳಗಿನವರೆಗೆ ಕಡಿಯದ ಮಾರ್ಗದರ್ಶಿ ಹಗ್ಗ ಇರಬೇಕು. ಒಬ್ಬೊಬ್ಬರಿಗೂ ಮೂರು ಟಾರ್ಚ್. ಶುರುವಿನ ಹತ್ತು ನಿಮಿಷದಲ್ಲಿ ಇದನ್ನು ನಮಗೆ ಕಲಿಸಿ, ಆಮೇಲೆ ಒಂದೊಂದಾಗಿ ಕಿತ್ತುಕೊಂಡಿದ್ದರೆ ಸಾಕಿತ್ತು. ಕಂಬ ಬಿದ್ದು ಹೂಳೆದ್ದು ಕಣ್ಣು ಕಾಣದೆ ಹೋಗೋ ಸೀನ್ ಇದೆಯಲ್ಲ, ಅದು ನಿಜಕ್ಕೂ ಗುಹೆ ಡೈವರ್‌ಗಳನ್ನು ಕೊಲ್ಲೋ ಸಂಗತಿ. ತಳದ ನುಣುಪು ಮಣ್ಣು ಒಮ್ಮೆ ಎದ್ದರೆ ಗಂಟೆಗಟ್ಟಲೆ ಕೂರಲ್ಲ, ಹಗ್ಗ ಕೈಲಿ ಇಲ್ಲದಿದ್ದರೆ ಮುಗೀತು. ಸಿನಿಮಾದಲ್ಲಿ ಅದು ಶಾರ್ಕ್ ಬರೋಕೆ ಮುಂಚಿನ ಗಲಾಟೆ ಅಷ್ಟೇ ಆಗಿ ಮುಗಿದುಹೋಗುತ್ತೆ.

---

ಮೀನುಮೂಳೆ ಉತ್ತರ:

ಶಾರ್ಕ್ ವಿಷಯ ನನಗೆ ಬಿಡಿ.

ಕುರುಡಾಗೋ ಮೀನು ಸುಳ್ಳಲ್ಲ. ಮೆಕ್ಸಿಕೋದ ಗುಹೆಗಳ ಅಸ್ಟಿಯಾನಾಕ್ಸ್ ಕಣ್ಣೂ ಇಲ್ಲ, ಬಣ್ಣವೂ ಇಲ್ಲ ಅನ್ನೋ ಮೀನು. ಕಥೆ ನಡೆಯೋ ಯುಕಟಾನ್‌ನಲ್ಲೇ ಬ್ರೊಟುಲಾ ಅನ್ನೋ ಕುರುಡು ಮೀನು, ಕುರುಡು ಹಾವುಮೀನು ಇವೆ. ಆದರೆ ಎಲ್ಲವೂ ಚಿಕ್ಕವು. ಬೆಳಕಿಲ್ಲದ ಕಡೆ ಪಾಚಿ ಬೆಳೆಯಲ್ಲ, ಆಹಾರ ಹೊರಗಿಂದ ತೇಲಿಬಂದಷ್ಟೇ. ಐದಾರು ಮೀಟರ್ ಉದ್ದದ ಬಿಳಿ ಶಾರ್ಕ್ ಅಲ್ಲಿ ತಿಂದು ಬದುಕೋದು ಏನನ್ನು? ಮೇಲಾಗಿ ಬಿಳಿ ಶಾರ್ಕ್ ಈಜುತ್ತಲೇ ಇರಬೇಕು, ನೀರು ಕಿವಿರಿನ ಮೇಲೆ ಹರಿದರೆ ಮಾತ್ರ ಅದಕ್ಕೆ ಉಸಿರು. ತಿರುಗೋಕೆ ಜಾಗ ಇಲ್ಲದ ಓಣಿ ಅಂದರೆ ಅದಕ್ಕೆ ಸಾವು.

ಕಾಲದ ಲೆಕ್ಕ ಇನ್ನೂ ಮಜಾ. ಹಿಮಯುಗದಲ್ಲಿ ಆ ಗುಹೆಗಳು ಒಣಗಿದ್ದವು. ಓಯೋ ನೆಗ್ರೊ ಗುಹೆಯ ತಳದಲ್ಲಿ ಸಿಕ್ಕ ಹುಡುಗಿಯ ಅಸ್ಥಿಪಂಜರ 12,000 ವರ್ಷಕ್ಕೂ ಹಳೆಯದು, ಆಕೆ ಒಣಗಿದ್ದ ಗುಹೆಯೊಳಗೆ ನಡೆದು ಬಂದಿದ್ದಳು. ಬಿಳಿ ಶಾರ್ಕ್ ಹೆಣ್ಣು ಮರಿ ಹಾಕೋ ವಯಸ್ಸಿಗೆ ಬರೋಕೆ ಸುಮಾರು 30 ವರ್ಷ ಬೇಕು. ನೀರು ನುಗ್ಗಿದ ದಿನವೇ ಶಾರ್ಕ್ ಒಳಬಂತು ಅಂತಲೇ ಇಟ್ಟುಕೊಳ್ಳಿ, ಇವತ್ತಿಗೆ ಕೆಲವು ನೂರು ತಲೆಮಾರು ಅಷ್ಟೇ. ಅಷ್ಟರಲ್ಲಿ ಕಣ್ಣೇ ಮಾಸಿಹೋಗಬೇಕು ಅಂದರೆ ಕಷ್ಟ.

ಆದರೂ ಇದ್ಯಾವುದೂ ಸಿನಿಮಾ ಕೆಡಿಸಿದ ಕಾರಣ ಅಲ್ಲ. ವಿಜ್ಞಾನ ತಪ್ಪಿದ್ದರೂ ನಿಯಮ ಗಟ್ಟಿ ಇದ್ದರೆ ನಡೆಯುತ್ತೆ. ಇಲ್ಲಿ ಕೊಟ್ಟ ನಿಯಮ ಏನು? ಶಾರ್ಕ್‌ಗೆ ಕಣ್ಣು ಕಾಣಲ್ಲ, ಸದ್ದು ಮಾಡಬೇಡ, ಅಲುಗಾಡಬೇಡ. ಮೊದಲೆರಡು ಸಲ ಅದು ಪಕ್ಕದಲ್ಲೇ ಸವರಿಕೊಂಡು ಹೋದಾಗ ಚೆನ್ನಾಗಿದೆ. ಆಮೇಲೆ ಸ್ಕ್ರಿಪ್ಟಿಗೆ ಬೇಕಾದಾಗ ಅದಕ್ಕೆ ಎಲ್ಲವೂ ತಿಳಿಯುತ್ತೆ, ಬೇಡವಾದಾಗ ಏನೂ ತಿಳಿಯಲ್ಲ. ನಿಜವಾದ ಶಾರ್ಕ್‌ನ ಮೂತಿಯಲ್ಲಿ ಲೊರೆಂಜಿನಿ ರಂಧ್ರಗಳು ಅಂತಿವೆ, ಹತ್ತಿರದ ಜೀವಿಯ ಸ್ನಾಯುಗಳಿಂದ ಬರೋ ವಿದ್ಯುತ್ತನ್ನೂ ಅವು ಹಿಡೀತವೆ. ಅಂದರೆ ಉಸಿರು ಬಿಗಿಹಿಡಿದು ಕಲ್ಲಿನ ಹಾಗೆ ನಿಂತರೂ ಎರಡಡಿ ಹತ್ತಿರ ಬಂದಾಗ ಅದಕ್ಕೆ ನೀವು ಸಿಕ್ಕಿಬಿದ್ದಿರಿ. ಇದನ್ನು ಬಳಸಿಕೊಂಡಿದ್ದರೆ ಎಂಥ ಸೀನ್ ಆಗ್ತಿತ್ತು: ಸುಮ್ಮನಿದ್ದರೆ ಬದುಕ್ತೀವಿ ಅಂತ ನಂಬಿಸಿ, ಮೂರನೇ ಸಲ ಆ ನಂಬಿಕೆಯನ್ನೇ ಮುರಿಯೋದು.

ಇನ್ನು ಅನ್‌ಕೇಜ್ಡ್ ಗುಹೆಯಲ್ಲಿ ಬರೋ ಆ ಕಿರುಚೋ ಕುರುಡು ಮೀನು! 1987ರ ಜಾಸ್: ದಿ ರಿವೆಂಜ್‌ನಲ್ಲಿ ಶಾರ್ಕ್ ಸಿಂಹದ ಹಾಗೆ ಗರ್ಜಿಸಿತ್ತು, ಶಾರ್ಕ್‌ಗೆ ಧ್ವನಿಪೆಟ್ಟಿಗೆಯೇ ಇಲ್ಲ. ಮೀನಿನ ಬಾಯಿಂದ ಸದ್ದು ಬಂತು ಅಂದರೆ ಸೀಕ್ವೆಲ್ ಕಷ್ಟದಲ್ಲಿದೆ ಅಂತ ತಿಳ್ಕೊಳ್ಳಿ.

---

ಕತ್ತರಿಮೇಜು ಉತ್ತರ:

ಮೇಲಿನವರು ಹೇಳಿದ ಅಳತೆಯ ಮಾತನ್ನೇ ಎಡಿಟಿಂಗ್ ಕಡೆಯಿಂದ ಹೇಳ್ತೀನಿ.

ಮೊದಲ ಭಾಗದ ನಕ್ಷೆ ಒಂದು ನೇರ ಗೆರೆ. ಮೇಲೆ ದೋಣಿ, ಕೆಳಗೆ ಪಂಜರ. ಪಾತ್ರ ತಲೆ ಎತ್ತಿತು ಅಂದರೆ ಆಸೆ, ತಗ್ಗಿಸಿತು ಅಂದರೆ ಭಯ. ಯಾವ ಶಾಟ್ ಕೊಟ್ಟರೂ ನೋಡುಗ ದಾರಿ ತಪ್ಪಲ್ಲ. ಎರಡನೆಯದರಲ್ಲಿ ಓಣಿ, ಕೋಣೆ, ಮತ್ತೆ ಓಣಿ. ಎಲ್ಲಾ ಒಂದೇ ಬೂದುಬಣ್ಣದ ಕಲ್ಲು. ನಾಯಕಿ ಮಿಯಾಳ ಅಪ್ಪನ ಕೆಲಸವೇ ಆ ನಗರದ ನಕ್ಷೆ ಮಾಡೋದು, ಆದರೆ ಆ ನಕ್ಷೆ ನಮ್ಮ ತಲೆಯಲ್ಲಿ ಕೂರೋ ಹಾಗೆ ಒಂದು ಸೀನ್ ಇಲ್ಲ. ಶಾರ್ಕ್ ಎಡದಿಂದ ಬಂದರೇನು, ಹಿಂದಿನಿಂದ ಬಂದರೇನು, ನಮಗೆ ಎರಡೂ ಒಂದೇ. ಆಗ ಉಳಿಯೋದು ದಢಾರ್ ಅನ್ನೋ ಸದ್ದಿನ ಬೆಚ್ಚಿಸುವಿಕೆ ಮಾತ್ರ. ಅದು ಮೂರನೇ ಸಲಕ್ಕೆ ಸವೆದುಹೋಗುತ್ತೆ.

ಮುಖದ ಸಮಸ್ಯೆಯೂ ಇದೆ. ಇಬ್ಬರಿದ್ದಾಗ ಪೂರ್ತಿ ಮುಖ ಮುಚ್ಚೋ ಮಾಸ್ಕ್ ಹಾಕಿದ್ದರೂ ಧ್ವನಿಯಲ್ಲೇ ಗುರುತು ಸಿಗುತ್ತೆ. ನಾಲ್ವರಿಗೂ ಒಂದೇ ಥರದ ಮಾಸ್ಕ್, ಅದೇ ಕತ್ತಲು, ಎಲ್ಲರೂ ಒಟ್ಟಿಗೆ ಕಿರುಚಾಟ. ಯಾರು ಹೋದರು ಅಂತ ಗೊತ್ತಾಗೋಕೆ ಮುಂದಿನ ಸೀನಿನಲ್ಲಿ ತಲೆ ಎಣಿಸಬೇಕು. ಸತ್ತವರು ಯಾರು ಅಂತಲೇ ತಿಳಿಯದ ಮೇಲೆ ಅಯ್ಯೋ ಅನ್ನಿಸೋದು ಹೇಗೆ?

ಗುಹೆ, ಹೆಂಗಸರ ಗುಂಪು, ಕುರುಡು ಬೇಟೆಗಾರರು ಅಂದ ಕೂಡಲೇ 2005ರ ದಿ ಡಿಸೆಂಟ್ ನೆನಪಾಗಲೇಬೇಕು. ಅಲ್ಲಿ ಆರು ಜನ, ಆದರೂ ಗೊಂದಲ ಕಡಿಮೆ. ಬೆಳಕಿನಲ್ಲಿ ಗುಟ್ಟಿದೆ: ಹೆಲ್ಮೆಟ್ ದೀಪ ಒಂದು ಬಣ್ಣ, ಫ್ಲೇರ್ ಕೆಂಪು, ಗ್ಲೋಸ್ಟಿಕ್ ಹಸಿರು. ಬಣ್ಣ ನೋಡಿದರೆ ಯಾವ ಗುಂಪು, ಯಾವ ಹೊತ್ತು ಅಂತ ಹೇಳಬಹುದು. ಅನ್‌ಕೇಜ್ಡ್‌ನಲ್ಲಿ ಎಲ್ಲಾ ಬಣ್ಣ ಮಸಿ ನುಂಗಿತು.

---

ಕೊನೇಸಾಲು ಉತ್ತರ:

ಸ್ವಲ್ಪ ನ್ಯಾಯ ಇರಲಿ. ಕೊನೆಯ ಹತ್ತು ನಿಮಿಷ ಮೊದಲ ಭಾಗಕ್ಕಿಂತ ಕಮ್ಮಿ ಏನಿಲ್ಲ. ಗುಹೆಯಿಂದ ಪಾರಾಗಿ ತೆರೆದ ಸಮುದ್ರಕ್ಕೆ ಬಂದೆವು ಅಂತ ನಿಟ್ಟುಸಿರು ಬಿಡೋ ಹೊತ್ತಿಗೆ, ಪ್ರವಾಸಿ ದೋಣಿಯವರು ಶಾರ್ಕ್ ತೋರಿಸೋಕೆ ಅಂತ ಅಲ್ಲೇ ರಕ್ತಮಾಂಸ ಸುರೀತಿರೋದು ಒಳ್ಳೆಯ ಕುಹಕ. ಅಪ್ಪ ಕೊಟ್ಟ ಶಾರ್ಕ್ ಹಲ್ಲು ಕೊನೆಗೆ ಮಿಯಾ ಕೈಯಲ್ಲಿ ಆಯುಧ ಆಗೋದೂ ಸರಿಯಾಗಿ ಬಿತ್ತಿ ಬೆಳೆದ ವಿಷಯ. ನಿಧಾನಗತಿ ಶಾಟ್‌ಗಳು ಅತಿ ಆಯ್ತು, ಒಪ್ಪಿದೆ.

ಮೊದಲ ಭಾಗಕ್ಕೆ ಲೆಕ್ಕದ ಕಿರೀಟ ಇಡೋರಿಗೆ ಒಂದು ಪ್ರಶ್ನೆ. ಎರಡನೇ ಸಿಲಿಂಡರ್ ಹಾಕಿಕೊಂಡರೆ ಸಾರಜನಕದ ಅಮಲೇರಿ ಭ್ರಮೆ ಶುರುವಾಗಬಹುದು ಅಂತ ಕ್ಯಾಪ್ಟನ್ ಎಚ್ಚರಿಸೋದು, ಪೂರ್ತಿ ಕ್ಲೈಮ್ಯಾಕ್ಸ್ ಅದರ ಮೇಲೇ ನಿಂತಿರೋದು. ಅದು ಸರಿಯಾ?

---

ಇನ್ನೂರುಬಾರ್ ಉತ್ತರ:

@ಕೊನೇಸಾಲು ಸರಿಯಲ್ಲ. ಆ ಅಮಲು ಆಳಕ್ಕೆ ಸಂಬಂಧಪಟ್ಟದ್ದು, ಸಿಲಿಂಡರ್ ಬದಲಾಯಿಸಿದ್ದಕ್ಕಲ್ಲ. 30 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಶುರುವಾಗಬಹುದು, ಕೆಲವು ಮೀಟರ್ ಮೇಲೆ ಬಂದರೆ ಇಳಿದುಹೋಗುತ್ತೆ. 47ರಲ್ಲಿ ಮೊದಲ ಸಿಲಿಂಡರ್‌ನಲ್ಲೇ ಇಬ್ಬರಿಗೂ ತಲೆ ತಿರುಗಬೇಕಿತ್ತು.

ಆದರೆ ನೋಡಿ, ತಪ್ಪು ವಿಜ್ಞಾನವಾದರೂ ಎಚ್ಚರಿಕೆಯನ್ನು ಮುಂಚೆಯೇ ನಮ್ಮ ಕಿವಿಗೆ ಹಾಕಿದ್ದಾರೆ. ಲಿಸಾ ಪಾರಾಗಿ ದೋಣಿ ಹತ್ತಿದಳು ಅಂತ ನಾವು ನಂಬಿ, ಅವಳ ಗಾಯದ ರಕ್ತ ಕಣ್ಣೆದುರು ತೇಲೋಕೆ ಶುರುವಾದಾಗ, ಇದೆಲ್ಲ ಭ್ರಮೆ, ಅವಳಿನ್ನೂ ತಳದಲ್ಲೇ ಇದ್ದಾಳೆ ಅಂತ ತಿಳಿದು ಎದೆ ಧಸಕ್ ಅನ್ನುತ್ತೆ. ಮೋಸ ಹೋದೆವು ಅನ್ನಿಸಲ್ಲ, ಯಾಕೆಂದರೆ ಅವರು ಹೇಳಿಯೇ ಮಾಡಿದ್ದು. @ಮೀನುಮೂಳೆ ಅವರು ಹೇಳಿದ ಗಟ್ಟಿ ನಿಯಮ ಅಂದರೆ ಇದೇ.

---

ತುಕ್ಕುಪಂಜರ ಉತ್ತರ:

ಎಲ್ಲರಿಗೂ ಧನ್ಯವಾದ. ಏಳು ಮೀಟರ್ ಮಾತು ಕೇಳಿದ ಮೇಲೆ ಮೊದಲನೆಯದನ್ನು ಇನ್ನೊಮ್ಮೆ ಹಾಕಲೇಬೇಕು. ಶಾರ್ಕ್ ಸಿನಿಮಾ ಮೆಗ್ 2 ಕೂಡ ಲಿಸ್ಟ್‌ನಲ್ಲಿದೆ, ಇದೇ ಕಾಯಿಲೆನಾ?

---

ಮೀನುಮೂಳೆ ಉತ್ತರ:

ಕಾಯಿಲೆ ಅದೇ, ಜ್ವರ ಮಾತ್ರ ಜೋರು. 2023ರ ಆ ಸಿನಿಮಾ ಶುರುವಾಗೋದೇ ಮೆಗಲೊಡಾನ್ ಅನ್ನೋ ಪ್ರಾಚೀನ ದೈತ್ಯ ಶಾರ್ಕ್ ಒಂದು ಟಿ-ರೆಕ್ಸ್ ಡೈನೋಸಾರನ್ನು ದಡದಿಂದ ಎಳೆದು ನುಂಗೋದರಿಂದ. ಟಿ-ರೆಕ್ಸ್ ಅಳಿದು 6.6 ಕೋಟಿ ವರ್ಷ ಆಯ್ತು, ಮೆಗಲೊಡಾನ್ ಹುಟ್ಟಿದ್ದು ಅದಾಗಿ ನಾಲ್ಕು ಕೋಟಿ ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಮುಂದೆ ನಾಯಕ ಸುಮಾರು 25,000 ಅಡಿ ಆಳದಲ್ಲಿ ಸೂಟ್ ಇಲ್ಲದೆ ಈಜುತ್ತಾನೆ, ಅಲ್ಲಿ ಒತ್ತಡ 760 ಬಾರ್ ಹತ್ತಿರ. ಮೂಗಿನ ಸುತ್ತಲ ಟೊಳ್ಳುಗಳಲ್ಲಿ ನೀರು ತುಂಬಿಸಿಕೊಂಡರೆ ಆಯ್ತಂತೆ! ಆದರೆ ಮೆಗ್ 2ಗೆ ತಾನು ತಮಾಷೆ ಅಂತ ಗೊತ್ತಿದೆ, ಅದಕ್ಕೇ ಕೋಪ ಬರಲ್ಲ. ಅನ್‌ಕೇಜ್ಡ್ ಮುಖ ಗಂಟಿಕ್ಕಿಕೊಂಡೇ ಇರುತ್ತೆ.

---

ಕತ್ತರಿಮೇಜು ಉತ್ತರ:

ಮೊದಲನೆಯದನ್ನು ಮತ್ತೆ ನೋಡ್ತೀರಿ ಅಂದರೆ ಒಂದು ಕೆಲಸ ಮಾಡಿ. ಟಿವಿಯ ಡೈನಾಮಿಕ್ ಮೋಡ್ ಬಿಟ್ಟು ಸಿನಿಮಾ ಮೋಡ್‌ಗೆ ಹಾಕಿ, ಮೋಷನ್ ಸ್ಮೂತಿಂಗ್ ಆರಿಸಿ, ಕೋಣೆಯ ದೀಪ ತೆಗೀರಿ. ದೀಪ ಉರೀತಿದ್ದರೆ ಪರದೆ ಮೇಲೆ ನಿಮ್ಮ ಮುಖವೇ ಕಾಣೋದು, ನೀರಿನೊಳಗಿನ ಕಡುನೀಲಿಯಲ್ಲಿ ಶಾರ್ಕ್ ಅಂಚು ಕಾಣಲ್ಲ. ಹಾಗೆ ನೋಡುವಾಗ ಇಡೀ ಶಾರ್ಕ್ ಎಷ್ಟು ಸಲ ತೋರಿಸ್ತಾರೆ ಅಂತ ಎಣಿಸಿ. 1975ರ ಜಾಸ್‌ನಲ್ಲಿ ಒಂದು ಗಂಟೆ ಕಳೆದ ಮೇಲೂ ಅದನ್ನು ನೆಟ್ಟಗೆ ತೋರಿಸಿರಲ್ಲ. ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಪದೇಪದೇ ಕೆಡ್ತಿತ್ತು, ಹಳದಿ ಪೀಪಾಯಿಗಳನ್ನೇ ಶಾರ್ಕ್ ಅಂತ ನಂಬಿಸಿಬಿಟ್ಟರು. ಆಮೇಲೆ ಅನ್‌ಕೇಜ್ಡ್ ಹಾಕಿ ಅದೇ ಎಣಿಕೆ ಮಾಡಿ, ಎರಡೂ ಅಂಕಿ ಇಲ್ಲಿ ಬರೀರಿ.