ಕಾರು ಮಾರುವ ಮೊದಲು ಒಂದು ತಿಂಗಳು ಲೆಕ್ಕ ಬರೆದಿಡಿ

ಪ್ರಶ್ನೆ: ಬೆಂಗಳೂರಿನ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನಿತ್ಯ ಕಾರಿನಲ್ಲಿ ಓಡಾಡಿ ಸಾಕಾಗಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಕಾರನ್ನು ಮಾರಿ ಮೆಟ್ರೊವನ್ನೇ ನೆಚ್ಚಿಕೊಳ್ಳಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಇದೇ ದಾರಿಯಲ್ಲಿ ಆರು ವರ್ಷ ಕಾರು ಓಡಿಸಿದವನು ನಾನು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ರೈಲು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರವಾಗಿ ಓಡತೊಡಗಿದ ಮೇಲೆ ಕಚೇರಿಗೆ ಕಾರು ತೆಗೆಯುವುದನ್ನು ನಿಲ್ಲಿಸಿದೆ. ಆದರೆ ಕಾರನ್ನು ಮಾರಲಿಲ್ಲ, ನೀವೂ ಆತುರಪಡಬಾರದು ಎಂದೇ ಹೇಳುತ್ತೇನೆ. ಮೊದಲು ಒಂದು ಚಿಕ್ಕ ಪುಸ್ತಕವನ್ನು ಕಾರಿನಲ್ಲಿಟ್ಟು, ಕಾರು ತೆಗೆದಾಗಲೆಲ್ಲ ಎಲ್ಲಿಗೆ, ಎಷ್ಟು ದೂರ, ಯಾರಿಗಾಗಿ ಎಂಬುದನ್ನು ಬರೆಯಿರಿ. ನಾನು ಹಾಗೆ ಬರೆದಾಗ, ಕಚೇರಿಯನ್ನು ಬಿಟ್ಟರೆ ಉಳಿದ ಓಡಾಟದಲ್ಲಿ ಹೆಚ್ಚಿನದು ಎರಡು ಕಿಲೋಮೀಟರಿನೊಳಗೆ ತರಕಾರಿ, ಔಷಧಿ, ಮಗಳ ಸಂಗೀತ ಪಾಠ ಎಂದು ಸುತ್ತಿದ್ದೇ ಆಗಿತ್ತು. ಎಂಜಿನ್ ಬಿಸಿಯಾಗುವ ಮೊದಲೇ ಮುಗಿದುಹೋಗುವ ಇಂಥ ಓಡಾಟದಲ್ಲಿ ಪ್ರತಿ ಕಿಲೋಮೀಟರಿಗೆ ಪೆಟ್ರೋಲ್ ಹೆಚ್ಚು ಸುಡುತ್ತದೆ. ಅವನ್ನೆಲ್ಲ ಈಗ ನಡೆದೇ ಮುಗಿಸುತ್ತೇನೆ. ಅಮ್ಮನನ್ನು ಮಂಡಿನೋವಿನ ಚಿಕಿತ್ಸೆಗೆ ಕರೆದೊಯ್ಯಲು ಮಾತ್ರ ಕಾರು ಬೇಕೇ ಬೇಕು.

ಓಡಿಸುವ ರೀತಿಯೂ ಬದಲಾಗಿದೆ. ದಾರಿಯಲ್ಲಿ ಟಿನ್ ಫ್ಯಾಕ್ಟರಿ ಜಂಕ್ಷನ್ ಬಳಿ ವಾಹನಗಳು ಮಾರುದ್ದ ಸರಿದು ಮತ್ತೆ ನಿಲ್ಲುವಾಗ ನಾನು ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇರುತ್ತಿದ್ದೆ. ಕೊನೆಗೆ ಮೆಕ್ಯಾನಿಕ್ ಹಳೆಯ ಕ್ಲಚ್ ಪ್ಲೇಟನ್ನು ಕಳಚಿ ಕೈಗೆ ಕೊಟ್ಟಾಗ, ಅದು ರಿವೆಟ್ಟುಗಳು ಬೆರಳಿಗೆ ತಗಲುವಷ್ಟು ಸವೆದಿತ್ತು, ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಅಂದಿನಿಂದ ಮುಂದೆ ಎರಡು ಕಾರಿನಷ್ಟು ಜಾಗವಾಗುವವರೆಗೆ, ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ, ನ್ಯೂಟ್ರಲ್‌ನಲ್ಲೇ ಕಾಯುತ್ತೇನೆ.

2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ್ದು ನಮ್ಮಂಥ ದೂರದ ಪ್ರಯಾಣಿಕರಿಗೆ ಹೊರೆಯಾಗಿದೆ. ಈ ಏರಿಕೆಯನ್ನು ನಾನು ಒಪ್ಪುವುದಿಲ್ಲ. ಆದರೂ ಹೋಗಿಬರುವ ಖರ್ಚು ನನ್ನ ಕಾರು ದಿನಕ್ಕೆ ಕುಡಿಯುತ್ತಿದ್ದ ನಾಲ್ಕು ಲೀಟರ್ ಪೆಟ್ರೋಲಿನ ಬೆಲೆಯ ಅರ್ಧಕ್ಕಿಂತ ಕಡಿಮೆ. ನಮ್ಮ ಕಟ್ಟಡದ ಹಿರಿಯರೊಬ್ಬರು ಮೊದಮೊದಲು, "ಯಾಕಪ್ಪ, ಕಾರು ಕೆಟ್ಟಿದೆಯಾ?" ಎಂದು ಕಾಳಜಿಯಿಂದ ಕೇಳುತ್ತಿದ್ದರು. ಈಗ ಅವರ ಮಗನೂ ನನ್ನೊಡನೆ ಅದೇ ರೈಲು ಹತ್ತುತ್ತಾನೆ.

ಇನ್ನೊಂದು ಉತ್ತರ: ರಾತ್ರಿ ಪಾಳಿಯಿದ್ದರೆ ಮಾರುವ ಯೋಚನೆಯನ್ನೇ ಬಿಡಿ. ನನ್ನ ಕೆಲಸ ಮುಗಿಯುವುದು ನಡುರಾತ್ರಿ ಎರಡು ಗಂಟೆಗೆ, ಆಗ ಮೆಟ್ರೊ ಇರುವುದಿಲ್ಲ. ಒಬ್ಬಳೇ ಹೆಂಗಸು ಕತ್ತಲಲ್ಲಿ ಆಟೊಗಾಗಿ ಕಾಯುವ ಭಯವನ್ನು ಯಾವ ಉಳಿತಾಯವೂ ತೂಗಲಾರದು. ಹಗಲಿನ ಪಾಳಿಯ ವಾರಗಳಲ್ಲಿ ನಾನೂ ಮೆಟ್ರೊದಲ್ಲೇ ಹೋಗುತ್ತೇನೆ. ಆದರೆ ನಿಲ್ಲಿಸಿಟ್ಟ ಕಾರನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ, ಟೈರಿನ ಗಾಳಿಯನ್ನೂ ನೋಡಿಕೊಳ್ಳಿ. ಹಾಗೆ ಮಾಡದೆ ಒಮ್ಮೆ ತಿಂಗಳುಗಟ್ಟಲೆ ಬಿಟ್ಟಿದ್ದರಿಂದ, ಮಾವನವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಬೆಳಗ್ಗೆಯೇ ನಮ್ಮ ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.