ಮದುವೆ ಕ್ಯಾಸೆಟ್‌ನ ಎವಿಐ ಫೈಲ್ ಪಿಎಸ್ 4ರಲ್ಲಿ ಓಡುತ್ತಿಲ್ಲ

ಸಾಗರದವಳು:
ಮುಂದಿನ ವಾರ ಅಪ್ಪನಿಗೆ 70 ತುಂಬುತ್ತದೆ. ಮನೆಗೆ ಎಲ್ಲರೂ ಬರುತ್ತಾರೆ. 2004ರಲ್ಲಿ ಅಕ್ಕನ ಮದುವೆಗೆ ತೆಗೆಸಿದ್ದ ಮಿನಿಡಿವಿ ಕ್ಯಾಸೆಟ್‌ಗಳನ್ನು ಸ್ಟುಡಿಯೋದಲ್ಲಿ ಕಂಪ್ಯೂಟರ್‌ಗೆ ಹಾಕಿಸಿದ್ದೇನೆ. ಹಾಲ್‌ನ ಟಿವಿಗೆ ಪಿಎಸ್ 4 (ಸೋನಿ ಗೇಮ್ ಕನ್ಸೋಲ್) ಇದ್ದೇ ಇದೆ, ಅದರ ಮೀಡಿಯಾ ಪ್ಲೇಯರ್‌ನಲ್ಲೇ ತೋರಿಸೋಣ ಅಂತ ಆಸೆ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿದೆ, ಫೈಲ್‌ಗಳೂ ಕಾಣುತ್ತವೆ. ಆದರೆ ಮದುವೆಯ ಎವಿಐ ಒಂದೂ ಓಡುವುದಿಲ್ಲ. ಅದೇ ಪೆನ್‌ಡ್ರೈವ್‌ನಲ್ಲಿರುವ ಇನ್ನೊಂದು ಹಳೇ ಎವಿಐ ಚೆನ್ನಾಗಿ ಓಡುತ್ತದೆ! ತಂಗಿ ಐಫೋನ್‌ನಲ್ಲಿ ತೆಗೆದ ವಿಡಿಯೋನೂ ಬರುತ್ತಿಲ್ಲ. ಲ್ಯಾಪ್‌ಟಾಪ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಎಲ್ಲವೂ ಸರಿ. ಧಾರೆ ಹೊತ್ತಿಗೆ ಅಜ್ಜಿ ಬಂದು ಅಕ್ಕನ ಸೆರಗು ಸರಿಮಾಡುವುದು ಆ ಕ್ಯಾಸೆಟ್‌ನಲ್ಲಿದೆ. ಅಜ್ಜಿಯ ಬೇರೆ ವಿಡಿಯೋ ನಮ್ಮಲ್ಲಿಲ್ಲ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಮಲ್ಲೇಶ್ವರಂ ಗೇಮರ್:
ಲ್ಯಾಪ್‌ಟಾಪ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿಬಿಡಿ ಮೇಡಂ. ಎರಡು ನಿಮಿಷದ ಕೆಲಸ.

ಹಳೇ ಕ್ಯಾಸೆಟ್:
ಒಂದು ದಿನಕ್ಕೆ ಕೇಬಲ್ ಸಾಕು. ಆದರೆ ಇದನ್ನು ಸರಿಯಾಗಿ ಎಂಪಿ4 ಮಾಡಿಟ್ಟರೆ ನಿಮ್ಮಕ್ಕ ತಮ್ಮ ಫೋನ್‌ನಲ್ಲೂ ನೋಡಬಹುದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎವಿಐ ಅನ್ನೋದು ಬರೀ ಡಬ್ಬಿ. ಒಳಗೆ ಯಾವ ಕೋಡೆಕ್ (ವಿಡಿಯೋ ತುಂಬಿಡುವ ವಿಧಾನ) ಇದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ವಿಎಲ್‌ಸಿಯಲ್ಲಿ ಫೈಲ್ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿ. ಮದುವೆ ಫೈಲ್‌ಗೆ ‘ಡಿವಿ ವಿಡಿಯೋ’ ಅಂತ ತೋರಿಸುತ್ತದೆ ನೋಡಿ. ಕ್ಯಾಸೆಟ್‌ನಲ್ಲಿದ್ದದ್ದು ಇದ್ದ ಹಾಗೇ ಇಳಿದಿದೆ, ಗಂಟೆಗೆ ಸುಮಾರು 13 ಜಿಬಿ. ಸ್ಟುಡಿಯೋದವರು ಕೆಲಸ ಚೆನ್ನಾಗಿಯೇ ಮಾಡಿದ್ದಾರೆ. ಪಿಎಸ್ 4 ಮಾತ್ರ ಡಿವಿ ಓಡಿಸುವುದಿಲ್ಲ. ಎವಿಐ ಒಳಗೆ ಎಂಪೆಗ್-4 ಅಥವಾ ಎಚ್.264 ಇದ್ದರೆ ಓಡಿಸುತ್ತದೆ. ನಿಮ್ಮ ಇನ್ನೊಂದು ಫೈಲ್ ಅಂಥದ್ದೇ ಇರಬೇಕು. ಐಫೋನ್ ವಿಡಿಯೋದಲ್ಲಿ ಬಹುಶಃ ಎಚ್‌ಇವಿಸಿ ಅನ್ನೋ ಕೋಡೆಕ್ ಇದೆ, ಅದೂ ಪಿಎಸ್ 4ಕ್ಕೆ ಆಗಿಬರುವುದಿಲ್ಲ. ಹೆಸರಿನ ಕೊನೆಯ ಎವಿಐ ಅಳಿಸಿ ಎಂಪಿ4 ಅಂತ ಬರೆದರೆ ಏನೂ ಬದಲಾಗುವುದಿಲ್ಲ.

ಲ್ಯಾಪ್‌ಟಾಪ್‌ಗೆ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಾಯಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ‘ಫಾಸ್ಟ್ 576ಪಿ25’ ಪ್ರಿಸೆಟ್ ಆರಿಸಿ. ಇನ್ನು ಮುಖ್ಯವಾದದ್ದು. ನಮ್ಮ ಕಡೆಯ ಮಿನಿಡಿವಿ ಪಾಲ್ ಅನ್ನೋ ಟಿವಿ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆ ಹೊತ್ತಿನ ಎರಡು ಅರ್ಧ ಚಿತ್ರ. ಅದಕ್ಕೇ ಯಾರಾದರೂ ಕೈ ಆಡಿಸಿದರೆ ಅಂಚಿನಲ್ಲಿ ಸಣ್ಣ ಅಡ್ಡಗೆರೆ ಏಳುತ್ತದೆ. ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್‌ಗೆ (ಆ ಗೆರೆ ತೆಗೆಯುವುದಕ್ಕೆ) ‘ಯಾಡಿಫ್’, ಅದರ ಪ್ರಿಸೆಟ್ ‘ಬಾಬ್’ ಮಾಡಿ. ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 50, ಕಾನ್‌ಸ್ಟೆಂಟ್. ಆಗ ಆ ಅರ್ಧಗಳೆಲ್ಲ ಒಂದೊಂದು ಪೂರ್ತಿ ಫ್ರೇಮ್ ಆಗುತ್ತವೆ. ಸೆರಗು ಸರಿಮಾಡುವ ಕೈ ಕ್ಯಾಸೆಟ್‌ನಲ್ಲಿ ಇದ್ದಷ್ಟೇ ಸಲೀಸಾಗಿ ಚಲಿಸುತ್ತದೆ. 25ಕ್ಕೇ ಬಿಟ್ಟರೆ ಅರ್ಧ ಚಲನೆ ಸುಮ್ನೆ ಹೋಗುತ್ತದೆ. ಕ್ವಾಲಿಟಿ ಆರ್‌ಎಫ್ 18ಕ್ಕೆ ಇಡಿ.

ಐಫೋನ್‌ನದಕ್ಕೆ ‘ಫಾಸ್ಟ್ 1080ಪಿ30’ ಸಾಕು. ಇನ್ನು ಮೇಲೆ ತೆಗೆಯುವುದಕ್ಕೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಮಾಡಿಡಿ.

ಕೈ ಮುಗಿದು ಕೇಳಿಕೊಳ್ಳುತ್ತೇನೆ, ಎಂಪಿ4 ಆಯ್ತು ಅಂತ ಡಿವಿ ಫೈಲ್ ಅಳಿಸಬೇಡಿ. ಮೂಲ ಅದೇ. ಎರಡು ಹಾರ್ಡ್‌ಡಿಸ್ಕ್‌ನಲ್ಲಿಡಿ, ಒಂದು ಅಕ್ಕನ ಮನೆಯಲ್ಲಿರಲಿ.

ಸಾಗರದವಳು:
ಧಾರೆಯ ಫೈಲ್ ಪಿಎಸ್ 4ರಲ್ಲಿ ಓಡಿತು! ಗೆರೆ ಒಂದೂ ಇಲ್ಲ, ಅಜ್ಜಿಯ ಬಳೆ ಸದ್ದೂ ಕೇಳುತ್ತದೆ. ತುಂಬಾ ತುಂಬಾ ಥ್ಯಾಂಕ್ಸ್. ಉಳಿದದ್ದನ್ನು ಕ್ಯೂಗೆ ಹಾಕಿ ರಾತ್ರಿಯೆಲ್ಲ ಬಿಡಬಹುದು ಅಲ್ವಾ?

ಹಳೇ ಕ್ಯಾಸೆಟ್:
ಧಾರಾಳವಾಗಿ. ಚಾರ್ಜರ್ ಹಾಕಿರಿ, ಲ್ಯಾಪ್‌ಟಾಪ್‌ನ ಸ್ಲೀಪ್ ಆಫ್ ಮಾಡಿ. ಇಲ್ಲದಿದ್ದರೆ ಅರ್ಧಕ್ಕೇ ನಿಂತಿರುತ್ತದೆ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.